ಈ ನೀರು ಯಾರ ಬಾವಿಯದು ಮಿಸ್?

2024ರ ಮಾರ್ಚ್ ಕೊನೆಯ ವಾರ. ಹತ್ತನೇ ಕ್ಲಾಸಿನ ಮಕ್ಕಳಿಗೆ ಪಬ್ಲಿಕ್ ಪರೀಕ್ಷೆ ನಡೆಯುತ್ತಿತ್ತು. ಬೆಳಗಿನ ಐದೂವರೆಗೆ ನೀರು ಬಿಡುವ ಅಣ್ಣ ಬಂದು ನನ್ನ ಕೋಣೆಯ ಬಾಗಿಲು ತಟ್ಟಿದರು. "ಮೇಡಂ, ಪಂಪು ಬರೀ ಗಾಳಿ ಎಳೀತಾ ಇದೆ" ಅಂದರು. ಟಾರ್ಚ್ ಹಿಡಿದು ಹೋಗಿ ಬಾವಿಗೆ ಬಗ್ಗಿ ನೋಡಿದೆ. ತಳದಲ್ಲಿ ಕೆಸರು. ಅದರ ಮಧ್ಯೆ ಒಂದು ಬಾಳೆ ಎಲೆಯಷ್ಟು ಅಗಲ ನೀರು. ಬೋರ್‌ವೆಲ್ ಫೆಬ್ರವರಿಯಲ್ಲೇ ಕೈಕೊಟ್ಟಿತ್ತು.

ಹಾಸ್ಟೆಲಿನಲ್ಲಿ ಮಕ್ಕಳು 240 ಜನ. ಪರೀಕ್ಷೆಗೆ ಹೋಗುವವರಿಗೆ ಮಾತ್ರ ಸ್ನಾನ, ಉಳಿದವರಿಗೆ ಮುಖ ತೊಳೆಯಲು ಒಂದೊಂದು ಚೊಂಬು ಅಂತ ಇದ್ದಬದ್ದ ನೀರು ಹಂಚಿದೆವು. ಒಂಬತ್ತು ಗಂಟೆಗೆ ಟ್ಯಾಂಕರ್ ಗುಡ್ಡ ಹತ್ತಿ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಒಬ್ಬಳು ಮಾತ್ರ ಸುಮ್ಮನೆ ನಿಂತಿದ್ದಳು. ಎಂಟನೇ ಕ್ಲಾಸಿನವಳು, ಕೆಳಗಿನ ಊರಿನ ಹುಡುಗಿ. ಹತ್ತಿರ ಬಂದು ಕೇಳಿದಳು: "ಈ ನೀರು ಯಾರ ಬಾವಿಯದು ಮಿಸ್?"

ನಾನು ಡ್ರೈವರ್ ಹತ್ತಿರ ವಿಚಾರಿಸಿದೆ. ಅವರು ಒಂದು ತೋಟದ ಗುರುತು ಹೇಳಿದರು. ಹುಡುಗಿಯ ಮುಖ ಸಣ್ಣದಾಯಿತು.

"ಅದು ನಮ್ಮ ದೊಡ್ಡಪ್ಪನ ಬಾವಿ. ನಮ್ಮ ಬಾವಿ ಒಣಗಿ ಹದಿನೈದು ದಿನ ಆಯ್ತು. ಅಮ್ಮನೂ ಅಲ್ಲಿಂದಲೇ ಹೊತ್ತು ತರ್ತಾರೆ."

ಅವಳಿಗೆ ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ. ನಾನು ವಿಜ್ಞಾನ ಪಾಠ ಮಾಡುತ್ತೇನೆ. ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಕೂಡ ನಾನೇ. ಜಲಚಕ್ರದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆ ಅನ್ನುವುದಕ್ಕೆ ಲೆಕ್ಕವಿಲ್ಲ. ಸಮುದ್ರ, ಮೋಡ, ಮಳೆ, ನದಿ, ಮತ್ತೆ ಸಮುದ್ರ. ಆ ಚಿತ್ರದಲ್ಲಿ ಅವಳ ದೊಡ್ಡಪ್ಪನ ಬಾವಿ ಯಾವತ್ತೂ ಬಂದಿರಲಿಲ್ಲ. ನಮ್ಮ ಹಾಸ್ಟೆಲಿನ ನಲ್ಲಿಯೂ ಬಂದಿರಲಿಲ್ಲ.

ನಮ್ಮ ಶಾಲೆ ಇರುವುದು ತೀರ್ಥಹಳ್ಳಿ ಮತ್ತು ಹೊಸನಗರದ ನಡುವೆ, ಒಂದು ಗುಡ್ಡದ ಮಗ್ಗುಲಲ್ಲಿ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ ಇಲ್ಲಿಂದ ದೂರವೇನಲ್ಲ. ಇಂಥ ಕಡೆ ಶಾಲೆಗೆ ಟ್ಯಾಂಕರ್ ನೀರು ಬಂತು ಅಂದರೆ ಹಳಬರು ಇವತ್ತಿಗೂ ನಂಬುವುದಿಲ್ಲ. ಆದರೆ 2023ರ ಮಳೆಗಾಲ ಕೈಕೊಟ್ಟಿತ್ತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೂ ತುಂಬಿರಲಿಲ್ಲ. ಅದೂ ಅಲ್ಲದೆ ನಮ್ಮ ಮಳೆ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬಿದ್ದ ನೀರು ಇಳಿಜಾರು ಹಿಡಿದು ಹಳ್ಳ ಸೇರಿ ಹೋಗಿಬಿಡುತ್ತದೆ. ಆಮೇಲಿನ ಎಂಟು ತಿಂಗಳು ನಾವು ಬದುಕುವುದು ಗುಡ್ಡ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಷ್ಟು ನೀರಿನಲ್ಲಿ.

ಅದಕ್ಕೆ ಮೊದಲು ನಮ್ಮ ಶಾಲೆಯಲ್ಲಿ ಪರಿಸರ ಅಂದರೆ ಜೂನ್ 5. ಗಿಡ ನೆಡುವುದು, ಚಿತ್ರ ಬರೆಯುವ ಸ್ಪರ್ಧೆ, ಭಾಷಣ. 1972ರ ಸ್ಟಾಕ್‌ಹೋಮ್ ಸಮ್ಮೇಳನದಿಂದ ಶುರು ಮಾಡಿ ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದರು. ಅವತ್ತೇ ಮಧ್ಯಾಹ್ನ ಊಟದ ಮನೆಯ ಬಕೆಟ್ ತುಂಬ ಅನ್ನ ಚೆಲ್ಲಿ ಹೋಗುತ್ತಿತ್ತು. ಮಕ್ಕಳದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಮಾತಿನಲ್ಲಿ ನಾವು ಒಂದು ಕಲಿಸುತ್ತಿದ್ದೆವು, ದಿನಚರಿಯಲ್ಲಿ ಇನ್ನೊಂದು.

ದಿನಾ ಮನೆಯಿಂದ ಬಂದು ಹೋಗುವ ಮಕ್ಕಳಿಗೆ ಶಾಲೆ ಆರೇಳು ಗಂಟೆಯ ಜಾಗ. ನಮ್ಮ ಮಕ್ಕಳಿಗೆ ಇದೇ ಮನೆ. ಆರನೇ ಕ್ಲಾಸಿಗೆ ಬರುತ್ತಾರೆ, ಹತ್ತು ಮುಗಿಸಿ ಹೋಗುತ್ತಾರೆ. ಹಲ್ಲುಜ್ಜುವುದು, ಬಟ್ಟೆ ಒಗೆಯುವುದು, ತಟ್ಟೆ ತೊಳೆಯುವುದು ಎಲ್ಲ ರೂಢಿಯಾಗುವುದು ಇಲ್ಲೇ. ಮನೆಯಲ್ಲಾದರೆ ನಲ್ಲಿ ಬಿಟ್ಟು ನಿಂತರೆ ಅಜ್ಜಿ ಬೈಯುತ್ತಾರೆ, ಯಾಕೆಂದರೆ ಬಾವಿ ಅಂಗಳದಲ್ಲೇ ಇರುತ್ತದೆ. ಹಾಸ್ಟೆಲಿನಲ್ಲಿ ಬಾವಿ ಕಾಣುವುದಿಲ್ಲ. ಅನ್ನ ಬೇಯುವುದು ಕಾಣುವುದಿಲ್ಲ. ಕಸ ಎಲ್ಲಿ ಹೋಯಿತು ಅಂತ ಕಾಣುವುದಿಲ್ಲ. ಎಲ್ಲ ಗೋಡೆಯ ಆಚೆ. ಆ ಹುಡುಗಿ ಕೇಳಿದ್ದು ಗೋಡೆಯ ಆಚೆಯ ಪ್ರಶ್ನೆ. ಆ ವರ್ಷದಿಂದ ನಾವು ಮಾಡಿದ್ದೆಲ್ಲ ಅದರ ಬೆನ್ನು ಹಿಡಿದು ಹೋಗಿದ್ದು ಅಷ್ಟೇ. ಬಳಸುವ ಪ್ರತಿಯೊಂದಕ್ಕೂ, ಇದು ಎಲ್ಲಿಂದ ಬಂತು, ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಮಕ್ಕಳ ಜೊತೆ ಹೋಗಿ ನೋಡುವುದು.

ಮೊದಲು ನೀರು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಏಳನೇ ಕ್ಲಾಸನ್ನು ಕರೆದುಕೊಂಡು ಬಚ್ಚಲುಮನೆಯ ನಲ್ಲಿಯಿಂದ ಹಿಂದಕ್ಕೆ ನಡೆದೆವು. ನಲ್ಲಿ, ಪೈಪು, ಟ್ಯಾಂಕು, ಪಂಪು, ಬಾವಿ, ಬಾವಿಯ ಮೇಲಿನ ಗುಡ್ಡ. ದಾರಿ ತೋರಿಸಿದವರು ನೀರು ಬಿಡುವ ಅಣ್ಣ. ಅವತ್ತು ಪಾಠ ಮಾಡಿದವರೂ ಅವರೇ. ಅವರು ಇಲ್ಲಿ ಕೆಲಸಕ್ಕೆ ಸೇರಿದ ಕಾಲಕ್ಕೆ ಪಂಪೇ ಇರಲಿಲ್ಲವಂತೆ. ಗುಡ್ಡದ ಮೇಲಿನ ಅಬ್ಬಿ, ಅಂದರೆ ಒರತೆಯ ನೀರು, ಸೀಳಿದ ಅಡಿಕೆ ಮರದ ದಂಬೆಯಲ್ಲಿ ಹರಿದು ಬಂದು ತೊಟ್ಟಿಗೆ ಬೀಳುತ್ತಿತ್ತಂತೆ. ಆ ಜಾಗ ತೋರಿಸಿದರು. ಒಂದು ಬಂಡೆ, ಅದರ ಕೆಳಗೆ ಪಾಚಿ ಹಿಡಿದ ಗುಂಡಿ. ಸುತ್ತ ಅಕೇಶಿಯಾ ಮರಗಳು.

"ಇಲ್ಲಿ ಕಾನು ಇತ್ತು. ಏಪ್ರಿಲ್‌ನಲ್ಲೂ ಅಬ್ಬಿ ನಿಲ್ತಿರಲಿಲ್ಲ. ಕಾನು ಹೋಯ್ತು, ಅಬ್ಬಿನೂ ಹೋಯ್ತು" ಅಂದರು. ಕಾನು ಅಂದರೆ ನಮ್ಮ ಕಡೆಯ ದಟ್ಟ ಹಸಿರು ಕಾಡು. ಮಕ್ಕಳು ಆ ಗುಂಡಿಯ ಸುತ್ತ ಬಹಳ ಹೊತ್ತು ನಿಂತಿದ್ದರು.

ವಾಪಸು ಬಂದು ಲೆಕ್ಕಕ್ಕೆ ಕೂತೆವು. ವಸತಿ ಶಾಲೆಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅನ್ನುವುದು ಭಾರತೀಯ ಮಾನಕ ಸಂಸ್ಥೆಯ ಲೆಕ್ಕ. 240 ಮಕ್ಕಳಿಗೆ ಅದು ದಿನಕ್ಕೆ 32,400 ಲೀಟರ್. ಇನ್ನು ಮಳೆಯ ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಹಾಸ್ಟೆಲಿನ ಚಾವಣಿಯನ್ನು ಮಕ್ಕಳೇ ಟೇಪು ಹಿಡಿದು ಅಳೆದರು, ಸುಮಾರು 600 ಚದರ ಮೀಟರ್. ವರ್ಷಕ್ಕೆ 3000 ಮಿಲಿಮೀಟರ್ ಮಳೆ ಅಂತ ಹಿಡಿದರೆ 18 ಲಕ್ಷ ಲೀಟರ್. ಭಾಗಿಸಿದರೆ 55 ದಿನದ ನೀರು! ಮಾರ್ಚ್, ಏಪ್ರಿಲ್ ಎರಡೂ ತಿಂಗಳು ಹತ್ತಿರ ಹತ್ತಿರ ಕಳೆಯಬಹುದು. ಒಬ್ಬ ಹುಡುಗ ಎದ್ದು ನಿಂತು, "ಮತ್ತೆ ಟ್ಯಾಂಕರ್ ಯಾಕೆ ಮಿಸ್?" ಅಂದ.

18 ಲಕ್ಷ ಲೀಟರ್ ಹಿಡಿದಿಡುವ ತೊಟ್ಟಿ ಕಟ್ಟಿಸುವ ಶಕ್ತಿ ನಮಗಿರಲಿಲ್ಲ. ಬಾವಿಯನ್ನೇ ತೊಟ್ಟಿ ಮಾಡಿಕೊಂಡೆವು. ಚಾವಣಿಯ ನೀರು ಪೈಪಿನಲ್ಲಿ ಇಳಿದು, ಜಲ್ಲಿ, ಮರಳು, ಇದ್ದಿಲು ತುಂಬಿದ ಗುಂಡಿಯಲ್ಲಿ ಸೋಸಿಕೊಂಡು ಬಾವಿಯ ಹತ್ತಿರ ಇಂಗುತ್ತದೆ. ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡುತ್ತೇವೆ, ಚಾವಣಿಯ ಧೂಳು, ಹಕ್ಕಿಯ ಹಿಕ್ಕೆ ಎಲ್ಲ ತೊಳೆದು ಹೋಗಲಿ ಅಂತ. ಇದೇ ಹುಮ್ಮಸ್ಸಿನಲ್ಲಿ ಶಾಲೆಯ ಮೇಲಿನ ಇಳಿಜಾರಿನಲ್ಲಿ ಸಾಲಾಗಿ ಇಂಗುಗುಂಡಿ ತೋಡೋಣ ಅಂತ ನಾನು ಹೇಳಿದೆ. ಅಣ್ಣ ಒಪ್ಪಲೇ ಇಲ್ಲ. ಕಡಿದಾದ ಧರೆಯ ತಲೆಯ ಮೇಲೆ ನೀರು ನಿಲ್ಲಿಸಿದರೆ, ನೀರು ಕುಡಿದ ಮಣ್ಣು ಭಾರವಾಗಿ ಜಾರಿ ಕೆಳಗೆ ಬರುತ್ತದೆ. ಕೆಳಗೆ ಇರುವುದು ಮಕ್ಕಳು ಮಲಗುವ ಕೋಣೆ. ಬಯಲುಸೀಮೆಗೆ ಹೇಳಿದ ಮಾತನ್ನು ಇಲ್ಲಿಗೆ ತಂದು ಹಾಗೇ ಮಾಡಬಾರದು ಅನ್ನುವುದು ಅವತ್ತು ನನಗೆ ಗಟ್ಟಿಯಾಯಿತು. ಆಮೇಲೆ ಅದೇ ಮಾತು ಮತ್ತೆ ಮತ್ತೆ ಎದುರಾಯಿತು.

ಈಗ ಪ್ರತಿ ಶನಿವಾರ ಏಳನೇ ಕ್ಲಾಸಿನವರು ಬಾವಿ ಅಳೆಯುತ್ತಾರೆ. ಅಡಿಗೊಂದು ಗಂಟು ಹಾಕಿದ ಹಗ್ಗ, ತುದಿಗೆ ಕಲ್ಲು. ಎಷ್ಟನೇ ಗಂಟಿಗೆ ನೀರು ಸಿಕ್ಕಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಮಳೆಗಾಲದಲ್ಲಿ ಬರೆಯಲು ಏನೂ ಇರುವುದಿಲ್ಲ, ನೀರು ಕೈಗೆ ಸಿಗುವಷ್ಟು ಮೇಲೆ ಇರುತ್ತದೆ. ಸಂಕ್ರಾಂತಿ ಕಳೆದ ಮೇಲೆ ವಾರಕ್ಕೆ ಒಂದೊಂದೇ ಗಂಟು ಜಾಸ್ತಿ ಆಗುತ್ತಾ ಹೋಗುತ್ತದೆ. ಆ ಅಂಕಿಯನ್ನು ಊಟದ ಮನೆಯ ಬೋರ್ಡಿನಲ್ಲಿ ಬರೆಯುತ್ತೇವೆ. "ನೀರು ಉಳಿಸಿ" ಅಂತ ಅದರ ಕೆಳಗೆ ಬರೆಯುವುದಿಲ್ಲ. ಬರೆಯುವ ಅಗತ್ಯ ಬಂದಿಲ್ಲ. ತೊಟ್ಟಿಕ್ಕುವ ನಲ್ಲಿ ಕಂಡರೆ ಈಗ ಮಕ್ಕಳೇ ಓಡಿ ಬಂದು ಹೇಳುತ್ತಾರೆ. ಅಂಥ ಒಂದು ನಲ್ಲಿಯ ಕೆಳಗೆ ಅವರು ರಾತ್ರಿ ಕೊಡ ಇಟ್ಟು ನೋಡಿದ್ದರು. ಬೆಳಿಗ್ಗೆ ಕೊಡ ತುಂಬಿ ಹೊರಗೆ ಹರಿದಿತ್ತು.

ಗಿಡ ನೆಡುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಕಡೆ ಜೂನ್‌ನಲ್ಲಿ ಬೇಲಿ ಗೂಟ ನೆಟ್ಟರೂ ಚಿಗುರುತ್ತದೆ. ಗಿಡ ಸಾಯುವುದು ಬೇಸಿಗೆಯಲ್ಲಿ, ದನದ ಬಾಯಿಗೆ ಸಿಕ್ಕಿ ಅಥವಾ ಬೆಂಕಿಗೆ ಸಿಕ್ಕಿ. ಹಾಗಾಗಿ ನೆಡುವ ದಿನಕ್ಕಿಂತ ಜನವರಿಯಲ್ಲಿ ಬೇಲಿ ಕಟ್ಟುವ, ಬುಡಕ್ಕೆ ಸೊಪ್ಪು ಮುಚ್ಚುವ ದಿನಕ್ಕೆ ಹೆಚ್ಚು ಬೆಲೆ ಕೊಟ್ಟಿದ್ದೇವೆ. ಆಸ್ಟ್ರೇಲಿಯಾ ಕಡೆಯಿಂದ ಬಂದ ಅಕೇಶಿಯಾ ಬೇಗ ಬೆಳೆಯುತ್ತದೆ, ದನ ಅದನ್ನು ಮೂಸುವುದಿಲ್ಲ, ಅದಕ್ಕೇ ಎಲ್ಲ ಕಡೆ ಅದೇ ಆಯಿತು. ನಾವು ನೆಡುತ್ತಿರುವುದು ಮುರುಗಲು, ಉಪ್ಪಾಗೆ, ಹೆಬ್ಬಲಸು, ನೇರಳೆ, ವಾಟೆ, ಹೊಳೆದಾಸವಾಳ. ನಿಧಾನಕ್ಕೆ ಬೆಳೆಯುತ್ತವೆ. ಇನ್ನೊಂದು ಮಾತು. ಚಳಿಗಾಲದಲ್ಲಿ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದ್ದೇವೆ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದನ್ನು ಹರಡುವ ಉಣುಗು ಜಾಸ್ತಿಯಾಗುವುದು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ. ತರಗೆಲೆ ಗುಡಿಸುವ ಕೆಲಸವೆಲ್ಲ ಕಾಂಪೌಂಡಿನ ಒಳಗೇ. ಪರಿಸರ ಪಾಠಕ್ಕೆ ಹೋಗಿ ಮಗುವಿಗೆ ಜ್ವರ ಬರಬಾರದು.

ಬೆಂಕಿಯ ವಿಷಯಕ್ಕೆ ಬರುತ್ತೇನೆ. 240 ಮಕ್ಕಳ ಸ್ನಾನದ ನೀರು ಕಾಯಬೇಕು. ಚಾವಣಿಯ ಮೇಲೆ ಸೋಲಾರ್ ಇದೆ. ಅಕ್ಟೋಬರ್‌ನಿಂದ ಮೇವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಜುಲೈಯಲ್ಲಿ ಇಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಲೈಟು ಹಾಕಿಕೊಂಡು ಪಾಠ ಮಾಡುತ್ತೇವೆ. ಬಿಸಿನೀರು ನಿಜವಾಗಿ ಬೇಕಾಗುವ ತಿಂಗಳಲ್ಲೇ ಬಿಸಿಲಿಲ್ಲ. ಹಾಗಾಗಿ ಮಳೆಗಾಲಕ್ಕೆ ಹಂಡೆ, ಕಟ್ಟಿಗೆ ಬಿಟ್ಟರೆ ಗತಿ ಇರಲಿಲ್ಲ. ಬಚ್ಚಲ ಒಲೆ ಹೊಗೆ ಕಾರುತ್ತಿತ್ತು. ಬೆಂಕಿ ನೋಡಿಕೊಳ್ಳುವ ಅಮ್ಮನಿಗೆ ವರ್ಷವಿಡೀ ಕೆಮ್ಮು. ಕಟ್ಟಿಗೆ ಎಲ್ಲಿಂದ ಬರುತ್ತದೆ ಅಂತ ಮಕ್ಕಳು ಕೇಳಿದಾಗ ನಾವು ಯಾರೂ ನೇರವಾಗಿ ಉತ್ತರ ಕೊಡಲಿಲ್ಲ. ಸುತ್ತಲಿನ ಕಾಡಿನಿಂದ ಅಂತ ಎಲ್ಲರಿಗೂ ಗೊತ್ತಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿಯೇ ಅಸ್ತ್ರ ಅನ್ನುವ ಕೇಂದ್ರ ಶುರು ಮಾಡಿದರು. ಅಸ್ತ್ರ ಒಲೆ ಅಲ್ಲಿ ಹುಟ್ಟಿದ್ದು. ನನ್ನ ಅಜ್ಜಿಯ ಮನೆಯಲ್ಲೂ ಒಂದು ಇತ್ತು. ಅದರ ಗುಟ್ಟು ದೊಡ್ಡದೇನಲ್ಲ. ಕಟ್ಟಿಗೆಯ ಕೆಳಗೆ ಸರಳುಗಳ ಜಾಲರಿ ಇದ್ದು ಅಲ್ಲಿಂದ ಗಾಳಿ ಬರಬೇಕು. ಒಲೆಯ ಬಾಯಿ ಮುಚ್ಚಿರಬೇಕು. ಬೆಂಕಿ ಪಾತ್ರೆಯ ತಳ ಸವರಿಕೊಂಡು ಹೋಗಿ ಚಿಮಣಿ ಸೇರಬೇಕು. ಅದೇ ರೀತಿಯಲ್ಲಿ ಬಚ್ಚಲ ಒಲೆಯನ್ನು ಕಟ್ಟಿಸಿದೆವು. ಕಟ್ಟಿಗೆ ಕಣ್ಣಿಗೆ ಕಾಣುವಷ್ಟು ಉಳಿಯಿತು. ಅಮ್ಮನ ಕೆಮ್ಮು ಕಡಿಮೆಯಾಗಿದ್ದು ನನಗೆ ಅದಕ್ಕಿಂತ ದೊಡ್ಡ ಸಮಾಧಾನ.

ಉರುವಲನ್ನೂ ಬದಲಾಯಿಸಿದೆವು. ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತಿರುತ್ತದೆ. ಸುಲಿದ ಅಡಿಕೆಯ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ಕೆಲವು ಕಡೆ ಅದಕ್ಕೆ ಬೆಂಕಿ ಇಡುತ್ತಾರೆ, ದಿನಗಟ್ಟಲೆ ಹೊಗೆಯಾಡುತ್ತದೆ. ಅದೇ ಸಿಪ್ಪೆಯನ್ನು ಬೇಸಿಗೆಯಲ್ಲಿ ಒಣಗಿಸಿ ಶೆಡ್ಡಿನಲ್ಲಿ ತುಂಬಿಟ್ಟುಕೊಂಡರೆ ಮಳೆಗಾಲದ ಒಲೆಗೆ ಆಗುತ್ತದೆ. ಜೊತೆಗೆ ಒಣ ಸೋಗೆ, ತೆಂಗಿನ ಚಿಪ್ಪು. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಅಡಿಕೆ ತೋಟದ ಮನೆಯವರು, ಇಲ್ಲವೇ ಅಡಿಕೆ ಸುಲಿಯುವವರ ಮನೆಯವರು. ಅವರ ಅಪ್ಪಂದಿರೇ ಚೀಲ ತುಂಬಿ ಕಳಿಸಿದರು.

ಅಡುಗೆಮನೆಯಲ್ಲಿ ಕಲಿತಿದ್ದು ಬೇರೆಯೇ. ಅನ್ನ ಚೆಲ್ಲುವುದನ್ನು ನಿಲ್ಲಿಸಲು ನಾನು ಮೊದಲು ಮಾಡಿದ್ದು ಬುದ್ಧಿ ಹೇಳುವುದು. ರೈತನ ಬೆವರು, ಹಸಿದವರ ಕಷ್ಟ. ಏನೂ ಪ್ರಯೋಜನ ಆಗಲಿಲ್ಲ. ಒಂದು ದಿನ ಅಡುಗೆಯ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಮಕ್ಕಳು ಅನ್ನ ಬಿಡೋದು ಹೊಟ್ಟೆ ತುಂಬಿ ಅಲ್ಲ ಮೇಡಂ. ಸಾರು ಸಾಲದೆ" ಅಂದರು. ನಿಂತು ನೋಡಿದೆ. ಹೌದು. ಒಂದೇ ಸಾಲು. ಎರಡನೇ ಸಲ ಸಾರು ಬೇಕಾದರೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಎರಡನೇ ಸಲ ಸಿಗುತ್ತದೋ ಇಲ್ಲವೋ ಅಂತ ಮೊದಲೇ ಜಾಸ್ತಿ ಅನ್ನ ಹಾಕಿಸಿಕೊಳ್ಳುತ್ತಾರೆ. ಅರ್ಧಕ್ಕೆ ಸಾರು ಮುಗಿಯುತ್ತದೆ, ಒಣ ಅನ್ನ ತಟ್ಟೆಯಲ್ಲಿ ಉಳಿಯುತ್ತದೆ. ಎಷ್ಟು ಸಣ್ಣ ವಿಷಯ ಅಲ್ವಾ? ಎರಡು ಸಾಲು ಮಾಡಿದೆವು. ಸಾರಿನ ಬಕೆಟ್ ಹಿಡಿದು ದೊಡ್ಡ ಮಕ್ಕಳು ಪಂಕ್ತಿಯಲ್ಲಿ ಬಡಿಸಿದ ಹಾಗೆ ಓಡಾಡತೊಡಗಿದರು. ಮೊದಲು ಅರ್ಧ ಸೌಟು, ಬೇಕಾದರೆ ಇನ್ನೊಮ್ಮೆ. ದಿನಾ ರಾತ್ರಿ ಚೆಲ್ಲಿದ ಅನ್ನವನ್ನು ತಕ್ಕಡಿಯಲ್ಲಿ ತೂಗಿ ಬರೆಯುತ್ತಿದ್ದೆವು. ತಿಂಗಳೊಳಗೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮಕ್ಕಳು ಬದಲಾದರು ಅಂತ ಹೇಳಲಾರೆ. ನಾವು ಬಡಿಸುವ ರೀತಿ ಬದಲಾಯಿತು.

ತರಕಾರಿ ಶಿವಮೊಗ್ಗದ ಮಾರುಕಟ್ಟೆಯಿಂದ ವ್ಯಾನಿನಲ್ಲಿ ಬರುತ್ತದೆ. ಮಳೆಗಾಲದಲ್ಲಿ ಬರುವಷ್ಟರಲ್ಲಿ ಸೊಪ್ಪು ಕೊಳೆತಿರುತ್ತದೆ. ಅದೇ ಹೊತ್ತಿಗೆ ಶಾಲೆಯ ಹಿಂದಿನ ಹಳ್ಳದ ಬದಿಯಲ್ಲಿ ಕೆಸು ಸೊಂಪಾಗಿ ಬೆಳೆದಿರುತ್ತದೆ. ಊರಿನ ತೋಟಗಳಲ್ಲಿ ಹಲಸು ಬಿದ್ದು ಕೊಳೆಯುತ್ತಿರುತ್ತದೆ. ಅಡುಗೆಯ ಅಕ್ಕನಿಗೆ ಇದೆಲ್ಲ ಗೊತ್ತಿತ್ತು. ಮೆನು ಹಾಕುವಾಗ ನಾವು ಯಾರೂ ಅವರನ್ನು ಕೇಳಿರಲಿಲ್ಲ. ಈಗ ವಾರಕ್ಕೊಂದು ದಿನ ಅವರದ್ದೇ ಮೆನು. ಕೆಸುವಿನ ಕರಕಲಿ, ಹಲಸಿನಕಾಯಿ ಪಲ್ಯ, ಬಾಳೆದಿಂಡಿನ ಸಾಸಿವೆ, ಒಂದೆಲಗದ ತಂಬುಳಿ. ಮೊದಲ ಸಲ ಕರಕಲಿ ಮಾಡಿದ ದಿನ ಬಯಲುಸೀಮೆಯ ಮಕ್ಕಳು ಗಂಟಲು ತುರಿಸುತ್ತದೆ ಅಂತ ಹೆದರಿದ್ದರು. ಹುಳಿ ಸರಿಯಾಗಿ ಬಿದ್ದರೆ ಕೆಸು ತುರಿಸುವುದಿಲ್ಲ. ಉಳಿದ ತಿಂಡಿ, ತರಕಾರಿ ಸಿಪ್ಪೆಯೆಲ್ಲ ಸೆಗಣಿಯ ಜೊತೆ ಗೋಬರ್ ಗ್ಯಾಸ್ ಗುಂಡಿಗೆ ಹೋಗುತ್ತದೆ. ಥಂಡಿಯಲ್ಲಿ ಅದರೊಳಗಿನ ಜೀವಾಣುಗಳು ಮಂಕಾಗುತ್ತವೆ, ಮಳೆಗಾಲದಲ್ಲಿ ಗ್ಯಾಸ್ ಕಡಿಮೆ. ಬೇಸಿಗೆಯಲ್ಲಿ ಬೆಳಗಿನ ಹಾಲು ಅದರಲ್ಲೇ ಕಾಯುತ್ತದೆ. ಬಗ್ಗಡ ಬಾಳೆಗಿಡಕ್ಕೆ.

ಕರೆಂಟಿನ ಪಾಠವನ್ನು ನಾನು ಮರೆಯಲಾರೆ. ಒಂಬತ್ತನೇ ಕ್ಲಾಸಿಗೆ ವಿದ್ಯುತ್ ಎಲ್ಲಿಂದ ಬರುತ್ತದೆ ಅಂತ ಹೇಳುತ್ತಿದ್ದೆ. ಶರಾವತಿ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು, ಸಮುದ್ರಮಟ್ಟದಿಂದ 1819 ಅಡಿಯವರೆಗೆ ನಿಲ್ಲುವ ನೀರು, ಹತ್ತು ಘಟಕಗಳ 1035 ಮೆಗಾವಾಟ್ ವಿದ್ಯುದಾಗಾರ. ನಮ್ಮ ಜಿಲ್ಲೆಯ ಹೆಮ್ಮೆ ಅಂತ ಹೇಳುತ್ತಲೇ ಇದ್ದೆ. ಹಿನ್ನೀರಿನ ಕಡೆಯ ಒಬ್ಬ ಹುಡುಗಿ ಕೈ ಎತ್ತಿದಳು. ಸಾಮಾನ್ಯವಾಗಿ ಅವಳು ಮಾತಾಡುವುದಿಲ್ಲ.

"ನಮ್ಮ ಅಜ್ಜಿ ಮನೆ ಅದರ ಅಡಿ ಇದೆ ಮಿಸ್."

ಕ್ಲಾಸು ನಿಶ್ಶಬ್ದವಾಯಿತು. ಅವಳು ಹೇಳುತ್ತಾ ಹೋದಳು. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಹಳೆ ಮನೆಯ ಪಂಚಾಂಗ, ಅಂದರೆ ತಳಪಾಯ, ತೋರಿಸುತ್ತಾರಂತೆ. ಇದು ಜಗಲಿ, ಇದು ಕೊಟ್ಟಿಗೆ, ಇಲ್ಲಿ ತುಳಸಿಕಟ್ಟೆ ಅಂತ. ಮುಳುಗಡೆಯಾಗಿ ಬಂದು ಕೂತ ಜಾಗಕ್ಕೆ ಇನ್ನೂ ಹಕ್ಕುಪತ್ರ ಇಲ್ಲ. "ಮನೆಗೆ ಕರೆಂಟ್ ಬಂದಿದ್ದು ನಾನು ಒಂದನೇ ಕ್ಲಾಸಲ್ಲಿ ಇದ್ದಾಗ" ಅಂದಳು.

ರಾಜ್ಯಕ್ಕೆಲ್ಲ ಬೆಳಕು ಕೊಡಲು ಮನೆ ಬಿಟ್ಟವರ ಮನೆಗೆ ಬೆಳಕು ಬರಲು ಐವತ್ತು ವರ್ಷ ಹಿಡಿಯಿತು. ಶರಾವತಿ ಸಂತ್ರಸ್ತರ ಹಕ್ಕುಪತ್ರದ ಹೋರಾಟ ಪೇಪರಿನಲ್ಲಿ ಓದಿ ನನಗೆ ಗೊತ್ತಿತ್ತು. ನನ್ನ ಕ್ಲಾಸಿನ ಮೂರನೇ ಬೆಂಚಿನಲ್ಲಿ ಅದು ಕೂತಿದೆ ಅಂತ ಗೊತ್ತಿರಲಿಲ್ಲ. ಆ ರಾತ್ರಿ ಹಾಸ್ಟೆಲಿನಲ್ಲಿ ನಾನು ಏನೂ ಹೇಳಲಿಲ್ಲ. ಊಟಕ್ಕೆ ಹೋಗುವಾಗ ಒಂಬತ್ತನೇ ಕ್ಲಾಸಿನವರು ಪ್ರತಿ ಕೋಣೆಗೂ ಹೋಗಿ ಲೈಟು, ಫ್ಯಾನು ಆರಿಸಿ ಬಂದರು. ಆಮೇಲೂ ಅವರೇ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಈಗ ಅದೇ ಕಣಿವೆಯಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಮಕ್ಕಳು ಆ ಸುದ್ದಿಯನ್ನು ಕತ್ತರಿಸಿ ತಂದು ಬೋರ್ಡಿಗೆ ಅಂಟಿಸುತ್ತಾರೆ, ಜಗಳವನ್ನೂ ಆಡುತ್ತಾರೆ. ಆಡಲಿ.

ಇನ್ನು ಕಸ. ಹಾಸ್ಟೆಲಿನ ಹಿಂದೆ ಒಂದು ಗುಂಡಿ ಇತ್ತು. ವಾರಕ್ಕೊಮ್ಮೆ ಅದಕ್ಕೆ ಬೆಂಕಿ. ಕಸವನ್ನು ಹಾಗೆ ಬಯಲಲ್ಲಿ ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಸ್ಪಷ್ಟವಾಗಿತ್ತು. ಆದರೂ ಎಷ್ಟೋ ಸಲ ನಾನೇ ನಿಂತು ಸುಡಿಸಿದ್ದೇನೆ. ಆ ಹೊಗೆ ಓದುವ ಕೋಣೆಯ ಕಿಟಕಿಗೇ ಬರುತ್ತಿತ್ತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಗುಂಡಿ ಮುಚ್ಚುವ ಮೊದಲು ಒಂದು ವಾರದ ಕಸವನ್ನು ಆಟದ ಅಂಗಳದಲ್ಲಿ ಹರಡಿ ಬೇರೆ ಮಾಡಿದೆವು. ಚಿಪ್ಸ್ ಪ್ಯಾಕೆಟ್ಟು, ಬಿಸ್ಕತ್ತಿನ ಕವರು, ಎಲ್ಲಕ್ಕಿಂತ ಜಾಸ್ತಿ ಶಾಂಪೂ ಸ್ಯಾಷೆ. ಶಾಂಪೂ ಸಮಸ್ಯೆಯನ್ನು ಹುಡುಗಿಯರೇ ಬಗೆಹರಿಸಿದರು. ದೊಡ್ಡ ಕ್ಯಾನ್ ತರಿಸಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಭಾನುವಾರ ಬಿಡುವಿದ್ದಾಗ ದಾಸವಾಳದ ಸೊಪ್ಪು ಕಿವುಚಿ ಗೊಂಪು ಮಾಡುತ್ತಾರೆ. ಅವತ್ತು ಬಾವಿಕಟ್ಟೆಯ ಹತ್ತಿರ ಜಾತ್ರೆ!

ಚಿಪ್ಸ್ ಪ್ಯಾಕೆಟ್ಟಿನ ವಿಷಯದಲ್ಲಿ ನಾನು ಎಡವಿದೆ. ಪೋಷಕರು ಬರುವ ಭಾನುವಾರ ಪ್ಲಾಸ್ಟಿಕ್ ಪ್ಯಾಕೆಟ್ ತರಬಾರದು, ಡಬ್ಬಿಯಲ್ಲಿ ಮನೆ ತಿಂಡಿ ತನ್ನಿ ಅಂತ ಗೇಟಿನಲ್ಲಿ ಬೋರ್ಡು ಹಾಕಿಸಿದೆ. ಚೀಲ ನೋಡಿ ಒಳಗೆ ಬಿಡುತ್ತಿದ್ದೆವು. ಒಂದು ಭಾನುವಾರ ಒಬ್ಬ ಅಪ್ಪ ಬಂದರು. ಕೂಲಿ ಕೆಲಸದವರು, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಚೀಲದಲ್ಲಿ ಹತ್ತು ರೂಪಾಯಿಯ ಮೂರು ಚಿಪ್ಸ್ ಪ್ಯಾಕೆಟ್. ಗೇಟಿನಲ್ಲಿ ಅದನ್ನು ತೆಗೆದಿಡಿಸಿದೆವು. ಚಕ್ಕುಲಿ, ಕೋಡುಬಳೆ ಮಾಡಿ ಡಬ್ಬಿಗೆ ತುಂಬಿ ಕಳಿಸಲು ಆ ಮನೆಯಲ್ಲಿ ಅಮ್ಮ ಇಲ್ಲ ಅಂತ ನನಗೆ ಆಮೇಲೆ ತಿಳಿಯಿತು. ಅವರು ಮಗಳ ಎದುರು ಬರಿಗೈಯಲ್ಲಿ ಕೂತಿದ್ದನ್ನು ನೋಡಿದೆ. ಮಾರನೇ ದಿನವೇ ಚೀಲ ನೋಡುವುದನ್ನು ನಿಲ್ಲಿಸಿದೆ. ಈಗ ಪ್ಯಾಕೆಟ್ ಒಳಗೆ ಬರುತ್ತದೆ. ಮಕ್ಕಳು ಅದನ್ನು ತೊಳೆದು, ಒಣಗಿಸಿ, ಚೀಲಕ್ಕೆ ತುಂಬುತ್ತಾರೆ. ಪಂಚಾಯಿತಿಯ ಕಸದ ಗಾಡಿ ಬಂದಾಗ ಕೊಡುತ್ತೇವೆ. ಮಳೆಗಾಲದಲ್ಲಿ ಗಾಡಿ ಗುಡ್ಡ ಹತ್ತುವುದಿಲ್ಲ. ಸ್ಟೋರ್ ರೂಮಿನಲ್ಲಿ ಈಗ ಹನ್ನೊಂದು ಚೀಲ ಇವೆ. ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಪದರ ಅಂಟಿಸಿ ಮಾಡಿದ ಕವರು ಅದು. ಬೇರೆ ಮಾಡುವುದು ಕಷ್ಟ, ಗುಜರಿಯವರೂ ಕೊಳ್ಳುವುದಿಲ್ಲ. ಅದನ್ನು ತಯಾರು ಮಾಡುವವರು ಉತ್ತರ ಕೊಡಬೇಕಾದ ಪ್ರಶ್ನೆಯನ್ನು ನಾನು ಆ ಅಪ್ಪನಿಗೆ ಕೇಳಿದ್ದೆ.

ಕೊನೆಯದಾಗಿ, ಯಾವ ಪರಿಸರ ದಿನದ ಭಾಷಣದಲ್ಲೂ ಬರದ ವಿಷಯ. ಹಾಸ್ಟೆಲಿನಲ್ಲಿ 118 ಹೆಣ್ಣುಮಕ್ಕಳಿದ್ದಾರೆ. ತಿಂಗಳು ತಿಂಗಳು ಎಷ್ಟು ಪ್ಯಾಡ್ ಆಗುತ್ತದೆ ಲೆಕ್ಕ ಹಾಕಿ. ಅವುಗಳಲ್ಲಿ ಪ್ಲಾಸ್ಟಿಕ್ ಇದೆ, ಮಣ್ಣಿನಲ್ಲಿ ಕೊಳೆಯುವುದಿಲ್ಲ. ಸುಡುವ ಸಣ್ಣ ಯಂತ್ರ ಒಂದಿದೆ. ಸರಿಯಾಗಿ ಸುಡಬೇಕಾದರೆ ಬಹಳ ಹೆಚ್ಚಿನ ಶಾಖ ಬೇಕು, ಇಲ್ಲವಾದರೆ ಕೆಟ್ಟ ಹೊಗೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಂತ್ರವೂ ಇಲ್ಲ. ಬಟ್ಟೆ ಪ್ಯಾಡ್ ಬಗ್ಗೆ ತರಬೇತಿಗೆ ಬಂದವರು ಚೆನ್ನಾಗಿ ಹೇಳಿಕೊಟ್ಟರು. ತೊಳೆದು ಬಿಸಿಲಿನಲ್ಲಿ ಒಣಗಿಸಿ ಅಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು, "ಜುಲೈಯಲ್ಲಿ?" ಅಂತ ಕೇಳಿದಳು. ಮಾತು ಅಲ್ಲಿಗೇ ನಿಂತಿತು. ಯೂನಿಫಾರ್ಮೇ ನಾಲ್ಕು ದಿನ ಒಣಗದ ಊರು ನಮ್ಮದು. ಒದ್ದೆ ಬಟ್ಟೆ ಬಳಸಿ ಸೋಂಕು ತಗುಲಿದರೆ ಯಾರು ನೋಡುತ್ತಾರೆ?

ಎರಡು ವರ್ಷ ಇದಕ್ಕೆ ದಾರಿ ಸಿಕ್ಕಿರಲಿಲ್ಲ. ಕಳೆದ ತಿಂಗಳು ಈಗಿನ ಹತ್ತನೇ ಕ್ಲಾಸಿನ ನಾಲ್ಕು ಜನ ಬಂದು ನನ್ನನ್ನು ಬಚ್ಚಲುಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಹೊಸ ಒಲೆಯ ಚಿಮಣಿ ಅಲ್ಲಿ ಗೋಡೆಗೆ ತಾಗಿಕೊಂಡು ಮೇಲೆ ಹೋಗುತ್ತದೆ. ನನ್ನ ಕೈ ಹಿಡಿದು ಗೋಡೆಗೆ ತಾಗಿಸಿದರು. ಬೆಳಿಗ್ಗೆ ಹಚ್ಚಿದ ಒಲೆ, ಮಧ್ಯಾಹ್ನವಾದರೂ ಗೋಡೆ ಬೆಚ್ಚಗಿತ್ತು. ಪಕ್ಕದಲ್ಲಿ ಹಳೆಯ ಸೌದೆ ಕೋಣೆ ಖಾಲಿ ಬಿದ್ದಿದೆ. ಅಡ್ಡಗೋಡೆಯಲ್ಲಿ ಗಾಳಿ ಆಡಲು ಕಿಂಡಿ ಬಿಡಿಸಿ, ಒಳಗೆ ಸಾಲಾಗಿ ತಂತಿ ಕಟ್ಟಿದರೆ ರಾತ್ರಿ ಬೆಳಗಾಗುವುದರೊಳಗೆ ಬಟ್ಟೆ ಗರಿಗರಿಯಾಗಿ ಒಣಗುತ್ತದೆ ಅಂತ ಅವರ ಲೆಕ್ಕ. ಒಂದು ಟವೆಲ್ ಹಾಕಿ ಪರೀಕ್ಷೆಯನ್ನೂ ಮಾಡಿದ್ದರು. ಬೇಕು ಅನ್ನುವವರು ಮಾತ್ರ ಬಟ್ಟೆಯದು ಬಳಸಲಿ, ಯಾರಿಗೂ ಒತ್ತಾಯ ಬೇಡ ಅಂದರು. ಅದನ್ನು ನಾನೂ ಒಪ್ಪಿದೆ.

ಇನ್ನೊಂದು ಷರತ್ತು ಇತ್ತು. ಬಾಗಿಲಿಗೆ ಚಿಲಕ ಒಳಗಿನಿಂದಲೂ ಹಾಕುವಂತಿರಬೇಕು. ಬಡಗಿ ನಾಳೆ ಬರುತ್ತೇನೆ ಅಂದಿದ್ದಾರೆ.